ಹ್ವಾರ್, ವಿಸ್, ಬ್ರಾಚ್: ನನ್ನ ಓಟು ಬ್ರಾಚ್‌ಗೆ

ಕ್ರೊಯೇಷಿಯಾದ ಬಂದರು ನಗರ ಸ್ಪ್ಲಿಟ್‌ಗೆ ಹೋಗುವವರು ಯಾವ ದ್ವೀಪದಲ್ಲಿ ಉಳಿಯಬೇಕು ಅಂತ ಕೇಳಿದರೆ ನಾನು ಹೇಳುವುದು ಬ್ರಾಚ್. ಹ್ವಾರ್, ವಿಸ್, ಬ್ರಾಚ್ ಮೂರರಲ್ಲೂ ಉಳಿದು ನೋಡಿಯೇ ಹೇಳುತ್ತಿದ್ದೇನೆ.

ಹೆಸರು ಜಾಸ್ತಿ ಇರುವುದು ಹ್ವಾರ್‌ಗೆ. ದ್ವೀಪದ ಹೆಸರೇ ಇರುವ ಊರು ನಿಜಕ್ಕೂ ಚೆಂದ. ಕೋಟೆ ಹತ್ತಿ ನಿಂತರೆ ಎದುರಿಗೆ ಪಾಕ್ಲೆನಿ ದ್ವೀಪಗಳ ಸಾಲು ಕಾಣುತ್ತದೆ. ಆದರೆ ಬೇಸಿಗೆಯಲ್ಲಿ ರೂಮಿನ ಬಾಡಿಗೆ ಕೈ ಕಚ್ಚುತ್ತದೆ.

ಅದಕ್ಕಿಂತ ಸತಾಯಿಸಿದ್ದು ಓಡಾಟ. ಸ್ಪ್ಲಿಟ್‌ನಿಂದ ಹ್ವಾರ್ ಪಟ್ಟಣಕ್ಕೆ ನೇರವಾಗಿ ಹೋಗುವುದು ಜನರನ್ನಷ್ಟೇ ಒಯ್ಯುವ ವೇಗದ ದೋಣಿ ಕ್ಯಾಟಮರಾನ್, ಸುಮಾರು ಒಂದು ಗಂಟೆ. ಕಾರು ಹೊರುವ ದೊಡ್ಡ ಫೆರಿ ನಿಲ್ಲುವುದು ಅದೇ ದ್ವೀಪದ ಇನ್ನೊಂದು ಊರು ಸ್ಟಾರಿ ಗ್ರಾಡ್ ಹತ್ತಿರ. ಪಟ್ಟಣದಿಂದ ಅಲ್ಲಿಗೆ ಹೆಚ್ಚುಕಡಿಮೆ 20 ಕಿ.ಮೀ. ನಾವು ವಾಪಸ್ ಹೊರಟ ದಿನ ಯೂಗೊ ಬೀಸಿತು. ಆಗ್ನೇಯದಿಂದ ಬರುವ ತೇವದ ಗಾಳಿ ಅದು, ಜೊತೆಗೆ ಮೋಡ, ಎತ್ತರದ ಅಲೆ. ಕ್ಯಾಟಮರಾನ್ ರದ್ದಾಯಿತು. ಬಂದರಿನಲ್ಲಿದ್ದವರೆಲ್ಲ ಸೂಟ್‌ಕೇಸ್ ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದರು. ನೆಲಕ್ಕೆ ಹಾಸಿದ ಸುಣ್ಣಕಲ್ಲು ಸವೆದು ನುಣುಪಾಗಿದೆ, ಒದ್ದೆಯಾದರೆ ಕಾಲು ಜಾರುತ್ತದೆ. ಮೊದಲ ಬಸ್ಸು ತುಂಬಿ ಹೋಯಿತು. ಎರಡನೆಯದರಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಫೆರಿ ಹೊರಟಿತ್ತು. ಮುಂದಿನದಕ್ಕೆ ಸಂಜೆಯವರೆಗೆ ಕಾಯಬೇಕಾಯಿತು.

ಬ್ರಾಚ್‌ನಲ್ಲಿ ಈ ಕಾಟ ಕಡಿಮೆ. ಇಲ್ಲಿನ ದ್ವೀಪಗಳು ಹಳೆಯ ಬೆಟ್ಟಸಾಲುಗಳ ನೆತ್ತಿಗಳು. ಹಿಮಯುಗ ಮುಗಿದು ಕಡಲು ಏರಿದಾಗ ನಡುವಿನ ಕಣಿವೆಗಳು ಮುಳುಗಿದವು. ಹಾಗಾಗಿ ಅವು ಕರಾವಳಿಗೆ ಸಮಾನಾಂತರವಾಗಿ ಉದ್ದಕ್ಕೆ ಮಲಗಿವೆ. ಸ್ಪ್ಲಿಟ್‌ನಿಂದ ನೋಡಿದರೆ ಬ್ರಾಚ್ ಮುಂದಿನ ಸಾಲು, ಹ್ವಾರ್ ಅದರ ಹಿಂದೆ. ಬ್ರಾಚ್ ಮತ್ತು ಪಕ್ಕದ ದ್ವೀಪ ಶೋಲ್ಟಾ ನಡುವಿನ ಸಂದು ದಾಟಿದ ಮೇಲೇ ದೋಣಿ ಜೋರಾಗಿ ಕುಲುಕುವುದು. ಬ್ರಾಚ್‌ನ ಬಂದರು ಸುಪೆಟಾರ್‌ಗೆ ಹೋಗಲು ಆ ಸಂದು ದಾಟಬೇಕಿಲ್ಲ. ದೊಡ್ಡ ಫೆರಿ, 50 ನಿಮಿಷ, ದಿನಕ್ಕೆ ಹಲವು ಸಲ. ಒಂದು ತಪ್ಪಿದರೆ ಇನ್ನೊಂದು ಇದ್ದೇ ಇದೆ ಅಲ್ವಾ, ಆ ನೆಮ್ಮದಿ ದೊಡ್ಡದು.

ಬ್ರಾಚ್‌ನ ವಿಡೋವಾ ಗೋರಾ ಬೆಟ್ಟ ಹತ್ತಲೇಬೇಕು. ಸುಮಾರು 780 ಮೀಟರ್, ಏಡ್ರಿಯಾಟಿಕ್ ಕಡಲಿನ ದ್ವೀಪಗಳಲ್ಲೇ ಎತ್ತರದ ಶಿಖರ. ತುದಿಯಿಂದ ನೇರ ಕೆಳಗೆ ಝ್ಲಾತ್ನಿ ರಾಟ್ ಬೀಚು ಬೆಳ್ಳಗೆ ಕಡಲಿಗೆ ಚಾಚಿಕೊಂಡಿರುತ್ತದೆ. ಗಾಳಿ, ಸೆಳೆತ ಬದಲಾದಂತೆ ಅದರ ಮೂತಿಯೂ ಅತ್ತಿತ್ತ ತಿರುಗುತ್ತದೆ. ಇದೇ ದ್ವೀಪದ ಪುಚಿಶ್ಚ ಊರಿನಲ್ಲಿ ಕಲ್ಲುಕುಟಿಗರ ಶಾಲೆ ಇದೆ. ಹುಡುಗರು ಉಳಿ ಹಿಡಿದು ಕೈಯಲ್ಲೇ ಬಿಳಿ ಕಲ್ಲು ಕೆತ್ತುವುದನ್ನು ಕಲಿಯುತ್ತಾರೆ. ಸ್ಪ್ಲಿಟ್‌ನಲ್ಲಿರುವ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಅರಮನೆಗೂ ಈ ದ್ವೀಪದ ಕಲ್ಲೇ ಹೋಗಿದೆ.

ವಿಸ್ ಶಾಂತ. ಯುಗೊಸ್ಲಾವ್ ಸೇನಾ ನೆಲೆಯಾಗಿದ್ದ ಕಾರಣ 1989ರವರೆಗೆ ವಿದೇಶಿಯರನ್ನು ಬಿಡುತ್ತಿರಲಿಲ್ಲ. ಹಾಗಾಗಿ ದೊಡ್ಡ ಹೋಟೆಲುಗಳ ಹಾವಳಿ ಇಲ್ಲ. ಆದರೆ ಫೆರಿಗೆ ಎರಡು ಗಂಟೆ ಮೀರುತ್ತದೆ, ಅದು ಓಡುವುದೂ ಕಡಿಮೆ ಸಲ. ಒಂದು ವಾರ ರಜೆ ಇದ್ದವರಿಗೆ ಸರಿ.

ಊಟ ಮೂರೂ ಕಡೆ ಹೆಚ್ಚುಕಡಿಮೆ ಒಂದೇ. ಸಸ್ಯಾಹಾರಿಗಳಿಗೆ ಬ್ಲಿತ್ವಾ ಗತಿ: ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ನನಗಂತೂ ಇಷ್ಟವಾಯಿತು.

ನಾನು ಕಾರು ಬಾಡಿಗೆಗೆ ಹಿಡಿಯುವುದಿಲ್ಲ, ರಾತ್ರಿ ಪಾರ್ಟಿ ಬೇಡ, ರೂಮಿಗೆ ಜಾಸ್ತಿ ಸುರಿಯುವುದೂ ಇಲ್ಲ. ಸುಪೆಟಾರ್‌ನಲ್ಲಿ ಅಡುಗೆಮನೆ ಇರುವ ರೂಮು ಹಿಡಿದರೆ ನನಗೆ ಸಾಕು. ಝ್ಲಾತ್ನಿ ರಾಟ್ ಇರುವ ಬೋಲ್ ಊರಿಗೆ ಬಸ್ಸಿದೆ. ನೀರಿಗಿಳಿಯುವಾಗ ಈಜಲು ಹಾಕುವ ರಬ್ಬರ್ ಶೂ ಹಾಕಿಕೊಳ್ಳಿ, ದಂಡೆಯಲ್ಲಿ ಹೆಚ್ಚಾಗಿ ಕಲ್ಲೇ.