ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಹಬೆ ಕೊಡುತ್ತಾ ಕೂರಬೇಡಿ

ನಮ್ಮ ಬೆಳ್ಳಿ ಹೋಗಿ ಇವತ್ತಿಗೆ ಮೂರು ವಾರ. ಅವಳಿಗೆ ನಾಲ್ಕೇ ವರ್ಷ. ಇನ್ನೊಂದು ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮೊದಲು ಊಟ ಅರ್ಧಕ್ಕೆ ಬಿಟ್ಟಳು. ಆಮೇಲೆ ಮಂಚದ ಕೆಳಗೆ ಸೇರಿಕೊಂಡಳು. ಮಲಗುತ್ತಲೇ ಇರಲಿಲ್ಲ. ಮುಂಗಾಲು ಅಗಲಿಸಿ, ಕತ್ತು ಮುಂದೆ ಚಾಚಿ ಹಾಗೇ ಕೂತಿರುತ್ತಿದ್ದಳು. ಪಕ್ಕೆಗಳು ಬೇಗ ಬೇಗ ಏರಿಳಿಯುತ್ತಿದ್ದವು. ಮಳೆಗಾಲ ಅಲ್ವಾ, ಶೀತ ಇರಬೇಕು ಅಂದುಕೊಂಡೆವು. ಆದರೆ ಅವಳು ಒಂದು ಸಲವೂ ಸೀನಿರಲಿಲ್ಲ, ಮೂಗು ಸೋರಿರಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಮೂರನೇ ದಿನ ಸಂಜೆ ಬಾಯಿ ತೆರೆದು ತೇಕತೊಡಗಿದಳು. ನಾಯಿ ಸೆಕೆಗೆ ಹಾಗೆ ಮಾಡುತ್ತದೆ. ಸುಮ್ನೆ ಕೂತಿರುವ ಬೆಕ್ಕು ಹಾಗೆ ಮಾಡಿದರೆ ಅದು ಪ್ರಾಣಕ್ಕೆ ಬಂದಿದೆ ಎಂದೇ ತಿಳಿಯಿರಿ, ಆ ಕ್ಷಣವೇ ಹೊರಡಿ. ನಾವು ಹೊರಡಲಿಲ್ಲ. ಅಮ್ಮ ನೀರು ಕಾಯಿಸಿದರು, ನಾನು ಅದಕ್ಕೆ ನೀಲಗಿರಿ ಎಣ್ಣೆ ಹಾಕಿದೆ. ಟವಲ್ ಹೊದಿಸಿ ಬೆಳ್ಳಿಯನ್ನು ಪಾತ್ರೆಯ ಮುಂದೆ ಹಿಡಿದುಕೊಂಡೆವು. ಅವಳು ಕೊಸರಾಡಿದಳು. ಒಳ್ಳೆಯದಕ್ಕೇ ಅಂತ ನಾನು ಕೈ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ನಾಲಿಗೆ ನೀಲಿಯಾಯಿತು.

ಹತ್ತಿರದ ಕ್ಲಿನಿಕ್ಕಿಗೆ ಓಡಿದೆವು. ಅಲ್ಲಿ ಆಕ್ಸಿಜನ್ ಇರಲಿಲ್ಲ. ಒಂದು ಇಂಜೆಕ್ಷನ್ ಚುಚ್ಚಿ, ನಾಳೆ ಬನ್ನಿ ಅಂದರು. ಊರಿನ ಇನ್ನೊಂದು ತುದಿಯ ಆಸ್ಪತ್ರೆ ಮುಟ್ಟುವಾಗ ರಾತ್ರಿ ಹತ್ತು. ಅಲ್ಲಿನ ಡಾಕ್ಟರ್ ಮೊದಲು ಅವಳನ್ನು ಮುಟ್ಟಲೇ ಇಲ್ಲ, ಆಕ್ಸಿಜನ್ ಪೆಟ್ಟಿಗೆಯಲ್ಲಿಟ್ಟು ಸುಧಾರಿಸಿಕೊಳ್ಳಲು ಬಿಟ್ಟರು. ಆಮೇಲೆ ಸೂಜಿ ಹಾಕಿ ಎದೆಯಿಂದ ನೀರು ತೆಗೆದರು. ಬೆಳಗಾಗುವ ಮೊದಲೇ ಹೋದಳು.

ಶ್ವಾಸಕೋಶದ ಸುತ್ತ ನೀರು ತುಂಬಿದ್ದರೆ ಅದು ಅರಳಲು ಜಾಗವೇ ಇರುವುದಿಲ್ಲ, ಹಬೆ ಏನು ಮಾಡೀತು ಅಂದರು ಡಾಕ್ಟರ್. ಮೇಲಾಗಿ ಹಿಡಿದಷ್ಟೂ ಬೆಕ್ಕು ಹೆದರುತ್ತದೆ, ಇರುವ ಅಷ್ಟಿಷ್ಟು ಉಸಿರೂ ಕೊಸರಾಟಕ್ಕೇ ಖರ್ಚಾಗುತ್ತದೆ. ಬರೀ ಮೂಗು ಕಟ್ಟಿದ ಬೆಕ್ಕನ್ನು ಹಬೆ ತುಂಬಿದ ಬಚ್ಚಲುಮನೆಯಲ್ಲಿ ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಡಬಹುದು. ಆದರೆ ನೀಲಗಿರಿ ಎಣ್ಣೆ, ಕರ್ಪೂರ, ವಿಕ್ಸ್ ಯಾವುದೂ ಬೇಡ. ಅವು ಬೆಕ್ಕಿನ ಮೈಗೆ ವಿಷ. ಮೈಮೇಲೆ ಬಿದ್ದದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ.

ಪಕ್ಕದ ಮನೆಯವರು ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಕೂಡ ತಂದುಕೊಟ್ಟಿದ್ದರು. ನಾವು ಹಾಕಲಿಲ್ಲ. ನೀವು ಒಂದು ಹನಿಯನ್ನೂ ಹಾಕಬೇಡಿ. ಪ್ಯಾರಾಸಿಟಮಾಲ್ ಹೊಟ್ಟೆಗೆ ಹೋದರೆ ಬೆಕ್ಕಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಇನ್ನೊಂದು ಮಾತು. ಕತ್ತು ನೆಲಕ್ಕೆ ಚಾಚಿ ಮತ್ತೆ ಮತ್ತೆ ಕೆಮ್ಮುವುದನ್ನು ಎಷ್ಟೋ ಜನ ಕೂದಲಿನ ಉಂಡೆ ಅಂತ ಬಿಟ್ಟುಬಿಡುತ್ತಾರೆ. ಅದು ಅಸ್ತಮಾ ಇರಬಹುದು. ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ.

ನಮ್ಮ ಇನ್ನೊಂದು ಬೆಕ್ಕು ಕರಿಯನ ಉಸಿರನ್ನು ಈಗ ಅವನು ಮಲಗಿದ್ದಾಗ ಎಣಿಸುತ್ತೇನೆ. ಎದೆ ಒಮ್ಮೆ ಏರಿ ಇಳಿದರೆ ಒಂದು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದರೆ ಸಾಕು. ನಿದ್ದೆಯಲ್ಲಿ ನಿಮಿಷಕ್ಕೆ 30ರ ಒಳಗೆ ಇರಬೇಕು. ಎಣಿಸಿದಾಗಲೆಲ್ಲ ಅದಕ್ಕಿಂತ ಜಾಸ್ತಿ ಬರುತ್ತಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. 40 ದಾಟಿದರೆ ಕಾಯಬೇಡಿ. ಗಾಳಿಯಾಡುವ ಬುಟ್ಟಿಯಲ್ಲಿಟ್ಟು, ಬಾಯಿಗೆ ನೀರು, ಮಾತ್ರೆ ಏನೂ ತುರುಕದೆ, ಕತ್ತು ಬಗ್ಗಿಸದೆ ಕರೆದೊಯ್ಯಿರಿ.

ಎಲ್ಲಿಗೆ ಅನ್ನುವುದು ಮೊದಲೇ ಗೊತ್ತಿರಲಿ. ನಾವು ದಾರಿಯಲ್ಲಿ ಹುಡುಕಿದೆವು, ಅದರಲ್ಲೇ ಎರಡು ಗಂಟೆ ಹೋಯಿತು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರ ಇದ್ದರೆ ಅಲ್ಲೂ ವಿಚಾರಿಸಿ. ಬೆಕ್ಕಿಗೆ ಆಕ್ಸಿಜನ್ ಇದೆಯಾ, ಎಕ್ಸ್‌ರೇ ಇದೆಯಾ, ಎದೆಯ ನೀರು ತೆಗೆಯುತ್ತಾರಾ, ರಾತ್ರಿ ಯಾರಾದರೂ ಇರುತ್ತಾರಾ. ಇಷ್ಟನ್ನು ನಿಮ್ಮ ಬೆಕ್ಕು ಚೆನ್ನಾಗಿ ಓಡಾಡಿಕೊಂಡಿರುವಾಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.