ಕಾರಿನ ಕಟಕಟ ಹಿಡಿಯಲು: ಕೈ, ಫೋನ್, ಸ್ಟೆತಾಸ್ಕೋಪ್, ಕ್ಲಿಪ್ ಮೈಕ್

ವಾರಂಟಿ ಮುಗಿಯಲು ಎರಡು-ಮೂರು ತಿಂಗಳು ಇರುವಾಗಲೇ ಈ ಹುಡುಕಾಟ ಶುರು ಮಾಡುವುದು ಒಳ್ಳೆಯದು. ಸದ್ದು ಎಲ್ಲಿಂದ ಅಂತ ಪತ್ತೆ ಹಚ್ಚುವುದಕ್ಕಿಂತ, ಅದನ್ನು ಸರ್ವಿಸ್ ಸೆಂಟರಿನವರ ಕಿವಿಗೆ ಬೀಳಿಸುವುದಕ್ಕೇ ಹೆಚ್ಚು ಓಡಾಟ ಬೀಳುತ್ತದೆ.

ಮೊದಲು ಕಾರು ಖಾಲಿ ಮಾಡಿ. ಗ್ಲೋವ್ ಬಾಕ್ಸ್, ಡೋರ್ ಪಾಕೆಟ್, ಚಿಲ್ಲರೆ ಗೂಡು, ಡಿಕ್ಕಿಯ ಜಾಕಿ ಮತ್ತು ಸ್ಪ್ಯಾನರ್ ಎಲ್ಲ ಹೊರಗೆ. ಸ್ಟೆಪ್ನಿಯ ಬೋಲ್ಟ್ ಬಿಗಿ ಇದೆಯೇ ನೋಡಿ. ಹಿಂದಿನ ಸೀಟ್ ಬೆಲ್ಟಿನ ಬಕಲ್ ಪ್ಲಾಸ್ಟಿಕ್‌ಗೆ ಬಡಿಯದಂತೆ ಸಿಕ್ಕಿಸಿಡಿ. ಟೈರಿನ ಗಾಳಿ ತಣ್ಣಗಿರುವಾಗ ಬಾಗಿಲ ಬಳಿಯ ಸ್ಟಿಕ್ಕರ್ ಹೇಳಿದಷ್ಟೇ ಇರಲಿ. ಅರ್ಧ ದೂರು ಇಲ್ಲೇ ಮುಗಿಯುವುದುಂಟು.

ಕ್ಯಾಬಿನ್ ಒಳಗಿನ ಸದ್ದಿಗೆ ಕೈಗಿಂತ ಒಳ್ಳೆಯ ಉಪಕರಣ ಇಲ್ಲ, ಖರ್ಚೂ ಇಲ್ಲ. ಒಬ್ಬರು ಒರಟು ರಸ್ತೆಯಲ್ಲಿ 20-30 ಕಿ.ಮೀ. ವೇಗದಲ್ಲಿ ಓಡಿಸಲಿ, ಪಕ್ಕದವರು ಪ್ಯಾನೆಲ್‌ಗಳನ್ನು ಒಂದೊಂದಾಗಿ ಒತ್ತಲಿ. ಅಂಗೈ ಇಟ್ಟು ಜೋರಾಗಿ ಒತ್ತಬೇಡಿ: ಡ್ಯಾಶ್‌ಬೋರ್ಡ್ ಒತ್ತಿದರೆ ಪಕ್ಕದ ಪಿಲ್ಲರ್ ಟ್ರಿಮ್ಮೂ (ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಹೊದಿಕೆ) ಬಿಗಿಯಾಗಿ ಸುಮ್ಮನಾಗುತ್ತದೆ, ನೀವು ತಪ್ಪು ಕಡೆ ಬೆರಳು ತೋರಿಸುತ್ತೀರಿ. ಬೆರಳ ತುದಿಯಿಂದ ಅಂಚನ್ನಷ್ಟೇ ಒತ್ತಿ. ಬೆಳಗಿನ ಚಳಿಯಲ್ಲಿ ಒಮ್ಮೆ, ಬಿಸಿಲಲ್ಲಿ ನಿಂತ ಮೇಲೆ ಒಮ್ಮೆ ನೋಡಿ; ಪ್ಲಾಸ್ಟಿಕ್ ಹಿಗ್ಗಿ ಕುಗ್ಗುವುದರಿಂದ ಸದ್ದೂ ಬದಲಾಗುತ್ತದೆ.

ಫೋನ್ ಜಾಗ ಹುಡುಕಲು ಅಷ್ಟಕ್ಕಷ್ಟೆ. ರೆಕಾರ್ಡ್ ಮಾಡುವಾಗ ಅದು ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವುದರಿಂದ, ಎರಡು ಜಾಗದ ರೆಕಾರ್ಡಿಂಗ್ ಹೋಲಿಸಿ ಯಾವುದು ಜೋರು ಅನ್ನುವಂತಿಲ್ಲ. ಆದರೆ ಸಾಕ್ಷಿಗೆ ಇದೇ ಗಟ್ಟಿ. ಪಕ್ಕದವರು ಸ್ಪೀಡೋಮೀಟರ್ ಕಾಣುವಂತೆ ವಿಡಿಯೋ ಮಾಡಲಿ.

ಸ್ಟೆತಾಸ್ಕೋಪ್, ಅಂದರೆ ಲೋಹದ ಕಡ್ಡಿ ಇರುವ ಮೆಕ್ಯಾನಿಕ್‌ಗಳದ್ದು, ನಿಂತ ಕಾರಿಗೆ ಮಾತ್ರ. ಐಡಲ್‌ನಲ್ಲಿ ಅಥವಾ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಬರುವ ಸದ್ದಿಗೆ ಸರಿ. ಬೆಲ್ಟ್, ಫ್ಯಾನ್ ಹತ್ತಿರ ಕೈ ಬೇಡ. ಫ್ಯಾನ್ ತಾನಾಗಿ ತಿರುಗಬಹುದು. ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್ (ಶಾಖ ತಡೆಯುವ ತಗಡು) ಅನುಮಾನವಿದ್ದರೆ ಇದೂ ಬೇಡ, ಪೂರ್ತಿ ತಣ್ಣಗಾದ ಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ತಗಡಿನ ಸದ್ದು ತಾನೇ ಹೇಳುತ್ತದೆ.

ಕೆಳಗಿನ ಸಸ್ಪೆನ್ಷನ್ ಸದ್ದಿಗೆ ಕ್ಲಿಪ್ ಮೈಕ್ ಸೆಟ್ ಎಲ್ಲಕ್ಕಿಂತ ನಿಖರ. ಮೈಕ್‌ಗಳನ್ನು ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದ ತೋಳು), ಸ್ಟೆಬಿಲೈಸರ್ ಲಿಂಕ್ (ಎಡ-ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್‌ನ ತುದಿಯ ಕೊಂಡಿ), ಸಬ್‌ಫ್ರೇಮ್‌ಗೆ (ಇವನ್ನು ಹೊತ್ತ ಚೌಕಟ್ಟು) ಕಚ್ಚಿಸಿ, ಪಕ್ಕದವರು ಹೆಡ್‌ಫೋನ್‌ನಲ್ಲಿ ಚಾನೆಲ್ ಬದಲಿಸುತ್ತಾ ಕೇಳಬೇಕು. ಲೋಹದಲ್ಲಿ ಸದ್ದು ಹರಿದು ಎಲ್ಲ ಮೈಕಿಗೂ ಬೀಳುವುದರಿಂದ, ಎಡ-ಬಲದ ಮೈಕ್ ಅದಲುಬದಲು ಮಾಡಿ ಖಚಿತಪಡಿಸಿಕೊಳ್ಳಿ. ವೈರುಗಳು ತಿರುಗುವ ಡ್ರೈವ್‌ಶಾಫ್ಟ್, ಬಿಸಿ ಸೈಲೆನ್ಸರ್ ಮುಟ್ಟಬಾರದು. ಒಂದೇ ಕಾರಿಗಾಗಿ ಕೊಳ್ಳುವುದು ದುಬಾರಿ, ಅದರ ಬದಲು ಒಂದು ಪುಕ್ಕಟೆ ಪರೀಕ್ಷೆ ಇದೆ. ನೇರವಾಗಿ ಹಂಪ್ ಹತ್ತಿಸಿದಾಗ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ, ಸ್ಟೆಬಿಲೈಸರ್ ಬಾರ್ ತಿರುಚುವುದಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿದಾಗ ತಿರುಚುತ್ತದೆ. ಹಂಪ್‌ನಲ್ಲಿ ಮೌನ, ಗುಂಡಿಯಲ್ಲಿ ಟಕ್ ಟಕ್ ಅಂದರೆ ಮೊದಲ ಅನುಮಾನ ಲಿಂಕ್ ಮೇಲೆ. ಎರಡರಲ್ಲೂ ಬಂದರೆ ಸ್ಟ್ರಟ್ ಮೌಂಟ್ (ಶಾಕ್ ಅಬ್ಸಾರ್ಬರ್ ಮೇಲ್ತುದಿ ಬಾಡಿಗೆ ಕೂರುವ ಜಾಗ), ಬುಷ್ (ಕೀಲುಗಳ ರಬ್ಬರ್) ಕಡೆ ನೋಡಿ.

ಸದ್ದು ಅಡಗಿಸಲು ಫೋಮ್ ಟೇಪಿಗಿಂತ ಬಟ್ಟೆಯಂಥ ಫೆಲ್ಟ್ ಟೇಪ್ ಮೇಲು. ದಪ್ಪ ಫೋಮ್ ಪ್ಯಾನೆಲನ್ನು ಹೊರತಳ್ಳಿ ಕ್ಲಿಪ್ ಸರಿಯಾಗಿ ಕೂರಲು ಬಿಡುವುದಿಲ್ಲ, ಬಿಸಿಲಿಗೆ ಅಂಟೂ ಸೋರುತ್ತದೆ. ಬಾಗಿಲಿನ ರಬ್ಬರ್ ಕಿರಗುಟ್ಟಿದರೆ ತೆಳ್ಳಗೆ ಸಿಲಿಕೋನ್ ಗ್ರೀಸ್. ಪೆಟ್ರೋಲಿಯಂ ಎಣ್ಣೆಯ ಸ್ಪ್ರೇ ರಬ್ಬರನ್ನು ಉಬ್ಬಿಸುತ್ತದೆ. ಏರ್‌ಬ್ಯಾಗ್ ಗುರುತಿರುವ ಪಿಲ್ಲರ್ ಟ್ರಿಮ್ ಮುಟ್ಟಲೇಬೇಡಿ. ವಾರಂಟಿ ಇರುವಾಗ ನೀವೇ ಪ್ಯಾನೆಲ್ ಬಿಚ್ಚಿ ಕ್ಲಿಪ್ ಮುರಿದರೆ, ತಪ್ಪು ನಿಮ್ಮದೇ ಅನ್ನಲು ಸರ್ವಿಸ್ ಸೆಂಟರಿನವರಿಗೆ ದಾರಿಯಾಗುತ್ತದೆ.

ಸರ್ವಿಸ್ ಸೆಂಟರಿನವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ ‘ಸದ್ದು ಬರುತ್ತಿದೆ’ ಎಂದಷ್ಟೇ ಬರೆಸಿದರೆ ‘ಪರಿಶೀಲಿಸಲಾಗಿದೆ, ಸರಿಯಾಗಿದೆ’ ಅನ್ನುವ ಉತ್ತರ ಸಿಗುತ್ತದೆ. ‘ಎಡ ಮುಂಭಾಗ, 25 ಕಿ.ಮೀ. ವೇಗ, ಒಂದು ಚಕ್ರ ಗುಂಡಿಗೆ ಇಳಿದಾಗ, ಎಂಜಿನ್ ತಣ್ಣಗಿರುವಾಗ’ ಹೀಗೆ ಬರೆಸಿ. ಟೆಸ್ಟ್ ಡ್ರೈವ್‌ಗೆ ಟೆಕ್ನಿಷಿಯನ್ ಜೊತೆ ನೀವೂ ಕೂತು, ಸದ್ದು ಬರುವ ರಸ್ತೆಗೇ ಕರೆದೊಯ್ಯಿರಿ. ದುರಸ್ತಿ ಆಗದಿದ್ದರೂ ತಾರೀಖು, ಓಡಿದ ಕಿ.ಮೀ. ನಮೂದಾದ ಕಾರ್ಡಿನ ಪ್ರತಿ ಕೇಳಿ ಪಡೆಯಿರಿ. ವಾರಂಟಿಯ ವರ್ಷ ಅಥವಾ ಕಿ.ಮೀ., ಯಾವುದು ಮೊದಲು ಮುಗಿಯುತ್ತದೋ ಅದಕ್ಕೂ ಮುಂಚಿನ ದೂರು ಇದು ಅಂತ ತೋರಿಸಲು ಆ ಕಾಗದವೇ ಬೇಕು.