ಅಧ್ಯಾಪಕರ ಪ್ರಶ್ನಾವಳಿಯ ಪೈಲಟ್‌ಗೆ ಗೂಗಲ್ ಫಾರ್ಮ್ಸ್: ಎಲ್ಲಿವರೆಗೆ ಸಾಕು?

ಭಾಷೆ ಕಲಿಸುವ ವಿಧಾನಗಳ ಬಗ್ಗೆ ಅಧ್ಯಾಪಕರ ಅಭಿಪ್ರಾಯ ಕೇಳುವ ಪ್ರಶ್ನಾವಳಿಯನ್ನು ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೊದಲು ಸಣ್ಣದಾಗಿ ಪರೀಕ್ಷಿಸಿ (ಪೈಲಟ್ ಮಾಡಿ) ನೋಡುವುದಿದ್ದರೆ, ಉತ್ತರ ಒಟ್ಟುಮಾಡುವಷ್ಟಕ್ಕೆ ಗೂಗಲ್ ಫಾರ್ಮ್ಸ್ ಧಾರಾಳ ಸಾಕು. ದುಡ್ಡಿಲ್ಲ, ಕನ್ನಡ ಅಕ್ಷರ ಕೆಡುವುದಿಲ್ಲ, ವಾಟ್ಸಾಪಿನಲ್ಲಿ ಲಿಂಕ್ ಹಾಕಿದರೆ ಆಯಿತು.

ಎಡವುವುದು ಹೇಳಿಕೆಗಳು ಸಾಲಾಗಿ, ಆಯ್ಕೆಗಳು ಕಾಲಂಗಳಾಗಿ ಬರುವ ಗ್ರಿಡ್‌ನಲ್ಲಿ. ‘ಸ್ವಲ್ಪವೂ ಒಪ್ಪುವುದಿಲ್ಲ’ದಿಂದ ‘ಪೂರ್ತಿ ಒಪ್ಪುತ್ತೇನೆ’ವರೆಗಿನ ಐದು ಕಾಲಂ ಮೊಬೈಲಿನಲ್ಲಿ ಹಿಡಿಯುವುದಿಲ್ಲ. ಪಕ್ಕಕ್ಕೆ ಸರಿಸದವರಿಗೆ ಕೊನೆಯದು ಕಾಣುವುದೇ ಇಲ್ಲ. ಅಂಕಗಳು ಒಂದೇ ಕಡೆ ವಾಲಿದರೆ ಅದನ್ನೇ ಅಭಿಪ್ರಾಯವೆಂದು ನಂಬಿಬಿಡುತ್ತೇವೆ. ಗ್ರಿಡ್ ಬಿಟ್ಟು ಹೇಳಿಕೆಗೊಂದರಂತೆ 1ರಿಂದ 5ರ ಲೀನಿಯರ್ ಸ್ಕೇಲ್ ಹಾಕಿ, ಉತ್ತರ ಸೇರುವ ಗೂಗಲ್ ಶೀಟಿಗೆ ನೇರ ಅಂಕಿಯೇ ಬರುತ್ತದೆ. ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಆಯ್ಕೆಯೂ ಬೇಡ. ಅದಕ್ಕೆ ಗೂಗಲ್ ಲಾಗಿನ್ ಬೇಕು. ಸ್ಟಾಫ್‌ರೂಮಿನ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಲಾಗಿನ್‌ನಲ್ಲಿ ತುಂಬುವುದಾದರೆ ಎರಡನೆಯವರಿಗೇ ಬಾಗಿಲು ಮುಚ್ಚುತ್ತದೆ.

ಪ್ರಶ್ನೆ ಅರ್ಥವಾಗಿದೆಯೋ ಇಲ್ಲವೋ ಎಂಬುದು ಮಾತ್ರ ಫಾರ್ಮಿಗೆ ತಿಳಿಯುವುದಿಲ್ಲ. ‘ಇಂಗ್ಲಿಷ್ ಪಾಠದಲ್ಲಿ ಮಾತೃಭಾಷೆ ಬಳಸುತ್ತೇನೆ’ ಎಂಬ ಹೇಳಿಕೆಯನ್ನೇ ನೋಡಿ. ಇಲ್ಲಿ ಮಗುವಿನ ಮನೆಮಾತು ತುಳು, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ, ಮರಾಠಿ ಯಾವುದೂ ಇರಬಹುದು. ಒಬ್ಬ ಟೀಚರ್ ಕನ್ನಡವೆಂದು ಎಣಿಸಿ 5 ಒತ್ತಿದರೆ, ಪಕ್ಕದವರು ತುಳು ಎಂದೆಣಿಸಿ 1 ಒತ್ತುತ್ತಾರೆ. ಇಬ್ಬರೂ ತರಗತಿಯಲ್ಲಿ ಮಾಡುವುದು ಒಂದೇ! ಹೇಳಿಕೆಯನ್ನು ‘ಕನ್ನಡದಲ್ಲಿ ವಿವರಿಸುತ್ತೇನೆ’, ‘ಮಗುವಿನ ಮನೆಮಾತಿನಲ್ಲಿ ವಿವರಿಸುತ್ತೇನೆ’ ಎಂದು ಒಡೆಯಲೇಬೇಕು. ‘ವ್ಯಾಕರಣ-ಅನುವಾದ ಪದ್ಧತಿ ಸುಲಭ ಮತ್ತು ಪರಿಣಾಮಕಾರಿ’ ಎಂಬುದೂ ಹಾಗೆಯೇ. ಸುಲಭ ಹೌದು, ಪರಿಣಾಮ ಇಲ್ಲ ಎನ್ನುವವರು ಎಲ್ಲಿ ಒತ್ತಬೇಕು? ಇಂಥವು ಹೊರಬೀಳುವುದು ನಾಲ್ಕೈದು ಮಂದಿಯ ಹತ್ತಿರ ಕೂತು, ಓದಿದ್ದನ್ನು ಅವರದೇ ಮಾತಿನಲ್ಲಿ ಹೇಳಿಸಿದಾಗ. ತಿದ್ದಿದ ಮೇಲೆ ಸುಮಾರು 30 ಮಂದಿಗೆ ಲಿಂಕ್ ಕಳಿಸಿ. ಮುಖ್ಯ ಸಮೀಕ್ಷೆಯಲ್ಲಿ ಅವರನ್ನು ಸೇರಿಸಬೇಡಿ.

ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರೋನ್‌ಬಾಕ್ ಆಲ್ಫಾ ಫಾರ್ಮ್ಸ್‌ನಲ್ಲಿ ಸಿಗದು, ಶೀಟಿನಲ್ಲಿ ನಾವೇ ಲೆಕ್ಕ ಹಾಕಬೇಕು. ಸಾಮಾನ್ಯವಾಗಿ 0.70 ದಾಟಿದರೆ ಒಪ್ಪುತ್ತಾರೆ. ಮಾತಾಡಿಸುತ್ತಲೇ ಭಾಷೆ ಕಲಿಸುವ ಸಂವಹನ ವಿಧಾನದ ಪರವಾದ ಹೇಳಿಕೆಗಳ ನಡುವೆ ‘ನಿಯಮ ಬಾಯಿಪಾಠವಾಗದೆ ಮಾತು ಬಾರದು’ ಎಂಬಂಥ ತಿರುವು (ವಿರುದ್ಧ ದಿಕ್ಕಿನ) ಹೇಳಿಕೆ ಇದ್ದರೆ, ಅದರ ಅಂಕವನ್ನು ಮೊದಲು 6ರಿಂದ ಕಳೆಯಿರಿ (5 ಇದ್ದದ್ದು 1 ಆಗುತ್ತದೆ). ಮರೆತರೆ ಆಲ್ಫಾ ಮೈನಸ್ಸಿಗೂ ಇಳಿದೀತು, ಒಳ್ಳೆಯ ಪ್ರಶ್ನೆ ಸುಮ್ಮನೆ ಕಸದ ಬುಟ್ಟಿ ಸೇರೀತು.

ಇನ್ನೊಂದು, ಪೈಲಟ್ ಉತ್ತರಗಳನ್ನು ಫಾರ್ಮಿನಲ್ಲಿ ಅಳಿಸಿದರೂ ಜೋಡಿಸಿದ ಶೀಟಿನಲ್ಲಿ ಅವು ಹಾಗೇ ಉಳಿದಿರುತ್ತವೆ. ಫಾರ್ಮಿನ ಪ್ರತಿ ತೆಗೆದು, ಹೊಸ ಶೀಟ್ ಜೋಡಿಸಿ, ಹೊಸ ಲಿಂಕನ್ನೇ ಕಳಿಸಿ.